ಕಾಯುವ ಅವಧಿ

ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಆ ಮನುಷ್ಯನ ನಿಜವಾದ ಹೆಸರು ಸಂಬಳ ಕೊಡುವವರಿಗಷ್ಟೇ ಗೊತ್ತಿತ್ತು. ಉಳಿದೆಲ್ಲರಿಗೂ ಅವನು ಕಹಳೆ. ಬೆಳಕು ಹರಿಯುವಷ್ಟರಲ್ಲಿ ಲಾರಿಗಳು ಹಿಮ್ಮುಖವಾಗಿ ಬಂದು ನಿಂತು, ಕ್ರೇಟುಗಳು ಇಳಿದು, ಹಮಾಲರು ಒಬ್ಬರನ್ನೊಬ್ಬರು ಬೈದುಕೊಳ್ಳುವ ಆ ಗದ್ದಲದಲ್ಲಿ ಅವನು ಮಗುಚಿಟ್ಟ ಪೆಟ್ಟಿಗೆಯೊಂದರ ಮೇಲೆ ಹತ್ತಿ ಗಂಟಲೆತ್ತಿದರೆ, ತಗಡಿನ ಛಾವಣಿಯ ಮೇಲೆ ಕೂತ ಪಾರಿವಾಳಗಳು ಒಮ್ಮೆಲೇ ಎದ್ದು ಹಾರುತ್ತಿದ್ದವು. ದಲ್ಲಾಳಿಗಳು ಮೈಕು ತರಿಸಿಕೊಡುತ್ತೇವೆ ಎಂದಾಗ, 'ಕುಂಟನಿಗೆ ಕೋಲು ಕೊಡಿ, ನನಗ್ಯಾಕೆ?' ಎಂದು ನಕ್ಕಿದ್ದ. ಅವನು ಬೆಲೆ ಏರಿಸುವ ಲಯಕ್ಕೆ ಸಿಕ್ಕಿ ಜಿಪುಣಾಗ್ರೇಸರ ವ್ಯಾಪಾರಿಯೂ ಕೈ ಎತ್ತಿಬಿಟ್ಟು, ಆಮೇಲೆ ತನ್ನ ಕೈಯನ್ನೇ ದುರುಗುಟ್ಟಿ ನೋಡಿಕೊಳ್ಳುತ್ತಿದ್ದ. ಬಾಯಿದ್ದವನು ಬರದಲ್ಲೂ ಬದುಕಿದ ಎಂಬ ಗಾದೆಯನ್ನು, ಅದನ್ನು ಯಾರೋ ತನ್ನನ್ನು ನೋಡಿಯೇ ಕಟ್ಟಿದ್ದಾರೆ ಎಂಬ ಗತ್ತಿನಲ್ಲಿ ಹೇಳುತ್ತಿದ್ದ.

ಅವನ ಹೆಂಡತಿಯದು ಇದಕ್ಕೆ ತದ್ವಿರುದ್ಧವಾದ ಬಾಯಿ. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೌಂಟರಿನ ಹಿಂದೆ ಕೂತು ಅವಳು ದಿನವಿಡೀ ಮೆಲ್ಲಗೆ ಮಾತಾಡುತ್ತಿದ್ದಳು. ಒಳಗೆ ಡ್ರಿಲ್ಲಿನ ಕಿರುಚಾಟ, ಹೊರಗೆ ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತವರು, ಎಲ್ಲೆಲ್ಲೂ ಲವಂಗದೆಣ್ಣೆಯ ವಾಸನೆ. ಅಂಥ ಕಡೆ ತಾನು ದನಿ ಎತ್ತಿದರೆ ಕೂತವರ ಅರ್ಧ ಜೀವ ಅಲ್ಲೇ ಹೋಗುತ್ತದೆ ಎಂದು ಅವಳು ಬಹಳ ಹಿಂದೆಯೇ ಅರಿತಿದ್ದಳು. ಬಂದವರು ಅವಳನ್ನು ಕೌಂಟರಮ್ಮ ಎನ್ನುತ್ತಿದ್ದರು. ಡಾಕ್ಟರಮ್ಮನೂ ಅದನ್ನೇ ಅಂದು ಅಂದು, ಈಗ ಅದೇ ಅವಳ ಹೆಸರಾಗಿತ್ತು.

ಅವಳ ಬೆನ್ನ ಹಿಂದಿನ ಗೋಡೆಯ ಮೇಲೆ ವಿಮಾ ಕಂಪನಿಯವರು ಅಂಟಿಸಿಹೋದ ಚಿತ್ರವೊಂದಿತ್ತು. ಮೂವತ್ತೆರಡೂ ಹಲ್ಲು ತೋರಿಸುವ ಒಂದು ಸಂಸಾರ, ಕೆಳಗೆ 'ನಗು ನಿಮ್ಮದು, ಚಿಂತೆ ನಮ್ಮದು' ಎಂಬ ಬರಹ. ಬೆಂಚಿನ ಮೇಲೆ ಕೂತವರಿಗೆ ನೋಡಲು ಬೇರೇನೂ ಇಲ್ಲದ್ದರಿಂದ ಅದನ್ನೇ ನೋಡಿ ನೋಡಿ ಕೊನೆಗೆ ಕೇಳುತ್ತಿದ್ದರು: 'ಕೌಂಟರಮ್ಮ, ಈ ಹಲ್ಲಿನ ವಿಮೆ ಮಾಡಿಸ್ಕೊಂಡ್ರೆ ಲಾಭ ಇದೆಯಾ?'

ಈ ಪ್ರಶ್ನೆಗೆ ಉತ್ತರ ಅವಳಿಗೆ ಬಾಯಿಪಾಠ. ವರ್ಷಕ್ಕೆರಡು ಸಲ ಹಲ್ಲು ಕ್ಲೀನ್ ಮಾಡಿಸುವುದು, ತಪಾಸಣೆ, ಸಣ್ಣ ಫಿಲ್ಲಿಂಗು, ಇವೆಲ್ಲ ಮೊದಲ ದಿನದಿಂದಲೇ ಸಿಗುತ್ತವೆ. ರೂಟ್ ಕೆನಾಲು, ಕ್ಯಾಪು, ಕಟ್ಟಿಸುವ ಹಲ್ಲು ಎಂಬ ದೊಡ್ಡ ಬಾಬತ್ತುಗಳಿಗೆ ಮಾತ್ರ ಒಂದು ವರ್ಷ ತಡೆಯಬೇಕು. ಅದಕ್ಕೆ ಕಾಯುವ ಅವಧಿ ಎನ್ನುತ್ತಾರೆ. ಇಷ್ಟನ್ನು ಹೇಳಿ ಕೊನೆಗೆ, 'ಹಲ್ಲು ಹೇಳಿ ಕೇಳಿ ನೋಯಲ್ಲ ನೋಡಿ, ಕಟ್ಟಿಟ್ಟಿದ್ರೆ ಒಂದು ಧೈರ್ಯ' ಎಂದು ಸೇರಿಸುತ್ತಿದ್ದಳು. ಸುಳ್ಳು ಹೇಳುತ್ತಿರಲಿಲ್ಲ. ಕಟ್ಟಿದ್ದಕ್ಕಿಂತ ಹೆಚ್ಚು ಪಡೆದವರನ್ನು ಅವಳು ಕಂಡಿದ್ದಳು. ವರ್ಷಗಟ್ಟಲೆ ಕಟ್ಟಿ, ಒಂದು ಹಲ್ಲೂ ನೋಯದೆ, ತಮ್ಮ ಹಲ್ಲು ಗಟ್ಟಿಯಾಗಿವೆ ಎಂದೇ ಕೊರಗುವವರನ್ನೂ ಕಂಡಿದ್ದಳು.

ಹೀಗೆ ಊರಿಗೆಲ್ಲ ಹೇಳಿ ಹೇಳಿ, ಒಂದು ದಿನ ತನ್ನ ಮನೆಗೂ ತಂದಳು. ಗಂಡ, ತಾನು, ಮದುವೆಯಾಗದ ಮಗಳು, ಮೂವರಿಗೂ ಸೇರಿ ಒಂದೇ ಪಾಲಿಸಿ.

'ಹಲ್ಲಿಗೂ ವಿಮೆನಾ?' ಎಂದ ಕಹಳೆ. 'ನಾಳೆ ಕೂದಲಿಗೂ ಮಾಡಿಸ್ತೀಯಾ? ಅದಂತೂ ದಿನಾ ಉದುರ್ತಿದೆ.'

'ನಗಬೇಡಿ. ಬಲಗಡೆ ಎರಡು ದವಡೆ ಹಲ್ಲು ಕೀಳಿಸ್ಕೊಂಡು ಕೂತಿದೀರಿ. ಎಡಗಡೇದೂ ಹೋದ್ರೆ ಯಾತರಲ್ಲಿ ಅಗಿತೀರಾ, ಒಸಡಲ್ಲಾ?'

'ಹಲ್ಲಿದ್ದಾಗ ಕಡಲೆ ಇರಲಿಲ್ಲ. ಈಗ ಕಡಲೆ ಇರೋಷ್ಟು ದಿನ ಹಲ್ಲಿರಲಿ ಅಂತೀಯ. ಸರಿ, ಮಾಡಿಸು.'

ಮಗಳು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಅಪ್ಪನ ಮುದ್ದು, ಅಪ್ಪನದೇ ಹಟ. 'ನನ್ನ ಹಲ್ಲು ಕಲ್ಲು ಕಚ್ಚುತ್ತೆ, ನನ್ನ ಹೆಸರು ಯಾಕೆ ಸೇರಿಸ್ತೀಯಮ್ಮ?' ಎಂದಳು. ಇಬ್ಬರಿಗೆ ಕಟ್ಟಿದರೂ ಮೂವರಿಗೆ ಕಟ್ಟಿದರೂ ಹೆಚ್ಚು ಅಂತರವಿಲ್ಲ ಎಂದು ತಾಯಿ ಬಾಯಿ ಮುಚ್ಚಿಸಿದಳು.

ಕೆಲವು ತಿಂಗಳು ಎಲ್ಲವೂ ಚೆನ್ನಾಗಿಯೇ ನಡೆಯಿತು. ಕಹಳೆ ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದ ಮರುದಿನ ಮಾರುಕಟ್ಟೆಯಲ್ಲಿ ಪ್ರತಿಯೊಬ್ಬನಿಗೂ ಬಾಯಿ ತೆರೆದು ತೋರಿಸಿದ. 'ಪುಕ್ಕಟೆ ಕಣಯ್ಯ, ಪುಕ್ಕಟೆ. ನನ್ನ ಹೆಂಡ್ತಿ ಬುದ್ಧಿ' ಎಂದ. ಆ ಮಾತು ಯಾರಿಂದಲೋ ಅವಳ ಕಿವಿಗೆ ಬಿದ್ದು, ಆ ದಿನವೆಲ್ಲ ಅವಳು ಕೌಂಟರಿನಲ್ಲಿ ಹಗುರವಾಗಿದ್ದಳು.

ಕಹಳೆಯ ಎಡಗಡೆ ಕೆಳದವಡೆಯ ಹಲ್ಲು ನೋಯಲು ಶುರುವಾದದ್ದು ಕಾಯುವ ಅವಧಿ ಮುಗಿಯಲು ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಉಳಿದಿದ್ದಾಗ. ಮೊದಲು ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು. ಆಮೇಲೆ ಬಿಸಿ ತಾಗಿದರೂ. ಕೊನೆಗೆ ಏನೂ ತಾಗದೆಯೇ ಕಿವಿಯವರೆಗೆ ಸಿಡಿಯತೊಡಗಿತು. ಅವಳು ಅವನನ್ನು ಕ್ಲಿನಿಕ್ಕಿಗೆ ಕರೆತಂದಳು. ಡಾಕ್ಟರಮ್ಮ ಎಕ್ಸ್‌ರೇ ತೆಗೆದು ದೀಪಕ್ಕೆ ಹಿಡಿದು ನೋಡಿ ತುಟಿ ಬಿಗಿದುಕೊಂಡರು.

'ಬೇರಿನ ತುದೀಲಿ ಕೀವು ಕಟ್ಟಿದೆ. ಹಲ್ಲು ಉಳೀಬೇಕು ಅಂದ್ರೆ ರೂಟ್ ಕೆನಾಲ್, ಮೇಲೊಂದು ಕ್ಯಾಪು. ಬೇಡ ಅಂದ್ರೆ ಈಗಲೇ ಕಿತ್ತುಬಿಡ್ತೀನಿ.'

'ಕಿತ್ರೆ ಆ ಕಡೆಯೂ ಅಗಿಯೋಕಾಗಲ್ಲ ಮೇಡಂ' ಎಂದಳು ಅವಳು.

'ಹಾಗಿದ್ರೆ ಇವತ್ತೇ ಹಲ್ಲು ತೆರೀತೀನಿ. ಒಳಗಿನ ಒತ್ತಡ ಇಳೀಲಿ. ಉಳಿದಿದ್ದು ನಿಧಾನಕ್ಕೆ ಮುಗಿಸೋಣ.'

ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದ ಕಹಳೆ ಕಣ್ಣು ಹೊರಳಿಸಿ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಲೆಕ್ಕ ಹಾಕುತ್ತಿದ್ದಳು. ರೂಟ್ ಕೆನಾಲು ಮತ್ತು ಕ್ಯಾಪು ಸೇರಿದರೆ ಅವನ ಒಂದು ತಿಂಗಳ ದುಡಿಮೆ ನುಂಗುತ್ತದೆ. ತಡೆದರೆ ಬಹುಪಾಲು ಕಂಪನಿಯೇ ಕೊಡುತ್ತದೆ. ಇವತ್ತು ಹಲ್ಲು ತೆರೆದರೆಂದರೆ ಚಿಕಿತ್ಸೆ ಇವತ್ತೇ ಶುರುವಾಯಿತೆಂದು ಅರ್ಥ. ಕಾಯುವ ಅವಧಿಯೊಳಗೆ ಶುರುವಾದ ಚಿಕಿತ್ಸೆಗೆ ಕಂಪನಿ ಬಿಡಿಗಾಸು ಬಿಚ್ಚುವುದಿಲ್ಲ. ಎಷ್ಟು ಜನರಿಗೆ ಅವಳೇ ಇದನ್ನು ಬಿಡಿಸಿ ಹೇಳಿ, ಅವರ ಮುಖ ಬಾಡುವುದನ್ನು ನೋಡಿರಲಿಲ್ಲ?

'ತೆರೆದ್ರೆ ಕ್ಲೇಮು ಬಿದ್ದುಹೋಗುತ್ತೆ ಮೇಡಂ. ಇನ್ನೊಂದು ತಿಂಗಳು ತಡೆದ್ರೆ ಬಹುಪಾಲು ವಿಮೇಲೇ ಬರುತ್ತೆ. ಅಲ್ಲಿವರೆಗೂ ಮಾತ್ರೇಲಿ ತಡೀಬಹುದಾ?'

ಡಾಕ್ಟರಮ್ಮ ಕೈಗವಸು ಕಳಚುತ್ತ, 'ಮಾತ್ರೆ ಅದನ್ನ ಮಲಗಿಸುತ್ತೆ ಅಷ್ಟೇ, ಸಾಯಿಸಲ್ಲ. ನಿಮಗೆ ನಾನು ಹೇಳಬೇಕಾ?' ಎಂದರು. ಹೊರಗೆ ಬೆಂಚು ತುಂಬಿತ್ತು. 'ಊತ ಬಂದ್ರೆ, ಜ್ವರ ಬಂದ್ರೆ, ಒಂದು ಗಳಿಗೆ ಕಾಯಬಾರದು. ತಿಳೀತಾ?'

'ತಿಳೀತು ಮೇಡಂ.'

ಮೆಟ್ಟಿಲು ಇಳಿಯುತ್ತ ಕಹಳೆ, 'ಏನೇ, ತಡೀಲಾ?' ಎಂದು ಕೇಳಿದ. ಮಾರುಕಟ್ಟೆಯಲ್ಲಿ ಯಾರ ಮಾತನ್ನೂ ಕೇಳದವನು ಅವನು. ಹಲ್ಲಿನ ವಿಷಯ ಅವಳದು ಎಂದು ಬಿಟ್ಟುಕೊಟ್ಟಿದ್ದ.

'ತಡೀರಿ. ಕಟ್ಟಿದ ಕಂತೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗಬಾರದು.'

ಮಾತ್ರೆ ಕೆಲಸ ಮಾಡಿತು. ಮೂರು ದಿನದಲ್ಲಿ ನೋವು ಹೇಳಹೆಸರಿಲ್ಲದಂತೆ ಹೋಯಿತು. ನೋವು ಹೋದಮೇಲೆ ಮಾತ್ರೆ ಯಾಕೆಂದು ಕಹಳೆ ಉಳಿದವನ್ನು ಕಿಟಕಿಯ ಮೇಲಿಟ್ಟ. ಅವಳು ನೋಡಿದಾಗ ಬೈದಳು, ಅವನು ಎರಡು ನುಂಗಿ ಮತ್ತೆ ಮರೆತ. ಎರಡು ವಾರ ಹೀಗೆ ಕಳೆಯಿತು. ಮೂರನೆಯ ವಾರ ನೋವು ಮರಳಿ ಬಂತು, ಆದರೆ ಈ ಸಲ ಸಿಡಿಯಲಿಲ್ಲ. ಮಂದವಾಗಿ, ಭಾರವಾಗಿ ದವಡೆಯಲ್ಲಿ ಕೂತುಕೊಂಡಿತು. ಅವನು ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತ, ಅಕ್ಷರಶಃ ಹಲ್ಲು ಕಚ್ಚಿಕೊಂಡು ಹರಾಜು ಕೂಗಿದ. ಕೆನ್ನೆ ತುಸು ಉಬ್ಬಿದ್ದನ್ನು ಕಂಡು ಟೊಮೆಟೊ ವ್ಯಾಪಾರಿಯೊಬ್ಬ, 'ಏನಣ್ಣ, ಬಾಯಲ್ಲೇ ಒಂದು ಕಾಯಿ ಮುಚ್ಚಿಟ್ಟುಕೊಂಡಿದೀಯ, ಅದರ ರೇಟೆಷ್ಟು?' ಎಂದದ್ದಕ್ಕೆ ಎಲ್ಲರೊಡನೆ ತಾನೂ ನಕ್ಕ. ಮನೆಯಲ್ಲಿ ಅವಳು ಕೇಳಿದಾಗಲೆಲ್ಲ ಅವನ ಉತ್ತರ ಒಂದೇ: 'ಪರವಾಗಿಲ್ಲ ಕಣೇ, ಇನ್ನೆಷ್ಟು ದಿನ.' ಅವಳು ಅವನ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಊತ ಎಂದರೆ ಊತ, ಅಲ್ಲವೆಂದರೆ ಅಲ್ಲ. ಒಂದು ವಾರದ ಮಾತು ಎಂದುಕೊಂಡಳು.

ಮಾರುಕಟ್ಟೆಗೆ ರಜೆಯಿದ್ದ ಒಂದು ಮಧ್ಯಾಹ್ನ ಅವನು ಊಟ ಬೇಡವೆಂದು ಮಲಗಿದ. ಅವಳು ಬಟ್ಟೆ ಮಡಿಸುತ್ತಿದ್ದಳು. ಒಳಗಿನಿಂದ ಅವನು ಏನೋ ಕೇಳಿದ; ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗಿತ್ತು. ಅವಳು ಹೋಗಿ ನೋಡಿದಳು. ಗದ್ದದ ಅಡಿ ಎರಡೂ ಕಡೆ ಊದಿಕೊಂಡು, ಕತ್ತು ಮತ್ತು ಗದ್ದದ ನಡುವಿನ ತಗ್ಗೇ ಇಲ್ಲವಾಗಿತ್ತು. ಮುಟ್ಟಿದರೆ ಹಲಗೆಯಷ್ಟು ಗಟ್ಟಿ, ಕಾದ ಹೆಂಚಿನಷ್ಟು ಬಿಸಿ. ನಾಲಿಗೆ ಮೇಲೆದ್ದು ಹಲ್ಲಿಗೆ ಒತ್ತಿಕೊಂಡಿತ್ತು. ಉಗುಳು ನುಂಗಲಾಗದೆ ತುಟಿಯ ಮೂಲೆಯಿಂದ ಇಳಿಯುತ್ತಿತ್ತು. ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಅವನು ಎದ್ದು ಕೂತು, ಮುಂದಕ್ಕೆ ಬಾಗಿ, ಮಂಚದ ಅಂಚನ್ನು ಹಿಡಿದುಕೊಂಡಿದ್ದ.

'ಅಪ್ಪಾ' ಎಂದಳು ಬಾಗಿಲಲ್ಲಿ ನಿಂತ ಮಗಳು. ಆಮೇಲೆ ತಾಯಿಯ ಕಡೆ ತಿರುಗಿ, 'ನಿನ್ನೆ ರಾತ್ರಿಯಿಂದ ಜ್ವರ ಇತ್ತು ಅವರಿಗೆ. ನಿನಗೆ ಹೇಳಬೇಡ ಅಂದಿದ್ರು. ನಾಲ್ಕು ದಿನ ತಾನೇ ಉಳಿದಿರೋದು, ಹೇಳಿದ್ರೆ ಅವಳು ಗಾಬರಿ ಬೀಳ್ತಾಳೆ ಅಂದ್ರು.'

ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಹೋಗುವಾಗ ಅವನ ಎದೆಯಿಂದ ಒಂದು ಶಬ್ದ ಬರುತ್ತಿತ್ತು, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂತೆ. ಚಾಲಕ ಮತ್ತೆ ಮತ್ತೆ ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, ಕೊನೆಗೆ ನೋಡುವುದನ್ನು ಬಿಟ್ಟು ಹಾರ್ನಿನ ಮೇಲೆ ಕೈ ಇಟ್ಟ.

ಗಂಟಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ನಿಂತಲ್ಲೇ ಮಾತಾಡಿದರು. 'ಹಲ್ಲಿನ ಕೀವು ನಾಲಿಗೆ ಕೆಳಗೆ ಇಳಿದು ಅಲ್ಲಿಂದ ಕತ್ತಿಗೆ ಹರಡಿದೆ. ಉಸಿರಿನ ದಾರಿ ಮುಚ್ಚಿಕೊಳ್ತಾ ಇದೆ. ಬಾಯಿಂದ ನಳಿಕೆ ಇಳಿಸೋಕೆ ಪ್ರಯತ್ನ ಮಾಡ್ತೀವಿ, ಆಗಲಿಲ್ಲ ಅಂದ್ರೆ ಕುತ್ತಿಗೇಲಿ ತೂತು ಮಾಡಬೇಕು. ಸಹಿ ಹಾಕಿ.' ಪೆನ್ನು ಕೊಡುತ್ತ ಕೇಳಿದರು: 'ಇಷ್ಟು ದಿನ ಯಾಕೆ ಬಿಟ್ಕೊಂಡ್ರಿ? ಹಲ್ಲಿನ ಡಾಕ್ಟರ ಹತ್ರ ಹೋಗಿರಲಿಲ್ವಾ?'

ಅವಳು ಸಹಿ ಹಾಕಿದಳು. ಮಗಳು ಪಕ್ಕದಿಂದ, ಯಾವ ಏರಿಳಿತವೂ ಇಲ್ಲದೆ, 'ಹೋಗಿದ್ವಿ' ಎಂದಳು.

ನಳಿಕೆ ಇಳಿಯಲಿಲ್ಲ. ಇಳಿಸಲು ಹೋದಾಗ ಧ್ವನಿಯ ತಂತುಗಳಿಗೆ ಪೆಟ್ಟಾಯಿತು; ಕೊನೆಗೆ ಕುತ್ತಿಗೆ ಕೊಯ್ದು ಉಸಿರಿಗೆ ದಾರಿ ಮಾಡಿದರು. ಗದ್ದದ ಅಡಿ ಮೂರು ಕಡೆ ಸೀಳಿ ಕೀವು ಹರಿಸಿದರು. ಪ್ರಜ್ಞೆಯಿಲ್ಲದೆ ಮಲಗಿದ್ದಾಗಲೇ ಆ ಹಲ್ಲನ್ನೂ ಕಿತ್ತುಹಾಕಿದರು. ಉಗುರಿನಲ್ಲಿ ಹೋಗಬೇಕಾದದ್ದಕ್ಕೆ ಕೊಡಲಿ ತೆಗೆದುಕೊಂಡ ಹಾಗಾಯಿತು. ನರ್ಸು ಆ ಹಲ್ಲನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ತಂದು, 'ಬೇಕಾ ಅಮ್ಮ?' ಎಂದು ಕೇಳಿದಾಗ ಅವಳು ಬೇಡವೆಂದು ತಲೆಯಾಡಿಸಿದಳು. ನರ್ಸು ಡಬ್ಬಿಯನ್ನು ಒಯ್ದಳು.

ಅವನು ತೀವ್ರ ನಿಗಾ ಘಟಕದಲ್ಲಿ ಬಹಳ ದಿನ ಇದ್ದ. ಒಮ್ಮೆ ಸೋಂಕು ಎದೆಗೂ ಇಳಿಯಿತು ಎಂದರು, ಒಮ್ಮೆ ಇಲ್ಲ ಎಂದರು. ಮಾರುಕಟ್ಟೆಯಿಂದ ಹಮಾಲರು ಸರದಿಯ ಮೇಲೆ ಬಂದು ಕಾರಿಡಾರಿನಲ್ಲಿ ಸುಮ್ಮನೆ ನಿಂತು ಹೋಗುತ್ತಿದ್ದರು. ಕೊನೆಗೆ ಅವನನ್ನು ವಾರ್ಡಿಗೆ ತಂದ ದಿನ ಅವರಲ್ಲಿ ಹಿರಿಯವನೊಬ್ಬ, 'ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ತಾಯಿ, ಅತ್ತುಬಿಡಿ' ಎಂದ. ಅವಳಿಗೆ ಅಳು ಬರಲಿಲ್ಲ.

ಬಿಲ್ಲಿನ ಗೊಡವೆ ಆಮೇಲೆ ಶುರುವಾಯಿತು. ಅವಳು ಮೊದಲು ಹಲ್ಲಿನ ವಿಮೆಯವರಿಗೆ ಫೋನು ಮಾಡಿದಳು. ಆ ಕಡೆಯಿಂದ ಒಬ್ಬ ಹುಡುಗಿ ಬಲು ಮೃದುವಾಗಿ ಮಾತಾಡಿದಳು.

'ಆಸ್ಪತ್ರೇಲಿ ಆದ ಶಸ್ತ್ರಚಿಕಿತ್ಸೆ ನಮ್ಮ ಪಾಲಿಸಿಗೆ ಬರಲ್ಲ ಮೇಡಂ. ನಮ್ಮದು ಹಲ್ಲಿನ ಕ್ಲಿನಿಕ್ಕಿಗೆ ಮಾತ್ರ.'

'ಹಲ್ಲಿನಿಂದಲೇ ಆಗಿದ್ದಲ್ವಾ ಇದು?'

'ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ ಮೇಡಂ. ನಿಮ್ಮ ಸಾಮಾನ್ಯ ಆರೋಗ್ಯ ವಿಮೆಯವರನ್ನ ಕೇಳಿ ನೋಡಿ.'

ಮಾರುಕಟ್ಟೆ ಸಂಘದವರು ತಮ್ಮ ಕೆಲಸಗಾರರಿಗೆಲ್ಲ ಮಾಡಿಸಿದ್ದ ಆರೋಗ್ಯ ವಿಮೆಯಿತ್ತು. ಅಲ್ಲಿಯವರು ಕಾಗದಪತ್ರವೆಲ್ಲ ತರಿಸಿಕೊಂಡು, ಕಾಯಿಲೆಯ ಮೂಲ ಹಲ್ಲು, ಹಲ್ಲಿನ ಕಾಯಿಲೆ ತಮ್ಮಲ್ಲಿ ಸೇರಿಲ್ಲ ಎಂದರು. ಅತ್ತ ದರಿ, ಇತ್ತ ಪುಲಿ. ಅವಳು ಮತ್ತೆ ಮೊದಲಿನವರಿಗೆ ಫೋನು ಮಾಡಿ, ಹೋಗಲಿ ಹಲ್ಲು ಕಿತ್ತದ್ದಕ್ಕಾದರೂ ಕೊಡಿ ಎಂದಳು. ಅದು ತಮ್ಮ ಕ್ಲಿನಿಕ್ಕುಗಳ ಪಟ್ಟಿಯಲ್ಲಿಲ್ಲದ ಜಾಗದಲ್ಲಿ ಕಿತ್ತ ಹಲ್ಲು ಎಂದಿತು ಅದೇ ಮೃದು ದನಿ. ಫೋನಿಡುವ ಮುಂಚೆ, ಇನ್ನೇನಾದರೂ ಸಹಾಯ ಬೇಕೇ ಎಂದೂ ಕೇಳಿತು. ಆ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದಿನಕ್ಕೆ ಹತ್ತು ಜನರಿಗೆ ತಾನೂ ಹಾಗೆಯೇ ಹೇಳುವವಳಲ್ಲವೇ ಎಂದುಕೊಂಡು ಅವಳು ಫೋನಿಟ್ಟಳು. ಕೊನೆಗೆ ಮಗಳ ಮದುವೆಗೆಂದು ಕೂಡಿಟ್ಟದ್ದು ಹೋಯಿತು, ಕಹಳೆಯ ಸ್ಕೂಟರು ಹೋಯಿತು. ಡಾಕ್ಟರಮ್ಮ ಕೇಳದೆಯೇ ಒಂದು ಲಕೋಟೆ ಕೊಟ್ಟರು. ಕೊಡುವಾಗ ಅವಳ ಮುಖ ನೋಡಲಿಲ್ಲ.

ಅವನು ಮನೆಗೆ ಬಂದಾಗ ಕುತ್ತಿಗೆಯ ತೂತು ಮುಚ್ಚುತ್ತ ಬಂದಿತ್ತು. ಗದ್ದದ ಅಡಿಯ ಗಾಯ ಎಳೆದು ಹೊಲೆದ ಚೀಲದ ಬಾಯಿಯಂತೆ ಸುಕ್ಕುಗಟ್ಟಿತ್ತು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ದನಿ ಹೋಗಿಯೇ ಬಿಟ್ಟಿತ್ತು ಎನ್ನುವಂತಿಲ್ಲ; ಒಣಗಿದ ಎಲೆಯ ಮೇಲೆ ಕಾಲಿಟ್ಟಂಥ ಒಂದು ಸದ್ದು ಉಳಿದಿತ್ತು. ಹತ್ತಿರ ಕೂತರೆ ಅರ್ಥವಾಗುತ್ತಿತ್ತು, ಪಕ್ಕದ ಕೋಣೆಗೆ ಕೇಳಿಸುತ್ತಿರಲಿಲ್ಲ.

ಮೈಯಲ್ಲಿ ಶಕ್ತಿ ಬಂದಮೇಲೆ ಒಂದು ಬೆಳಿಗ್ಗೆ ಅವನು ಮಾರುಕಟ್ಟೆಗೆ ಹೋದ. ತಾನೂ ಬರುತ್ತೇನೆಂದು ಅವಳು ಜೊತೆಗೆ ಹೋದಳು. ಅವನ ಜಾಗದಲ್ಲಿ ಈಗ ಮೈಕಿತ್ತು. ಮೈಕಿನ ಹಿಂದೆ ದಲ್ಲಾಳಿಯ ಅಳಿಯ ನಿಂತು, ಯಾವ ಲಯವೂ ಇಲ್ಲದೆ ಅಂಕಿಗಳನ್ನು ಹೇಳುತ್ತಿದ್ದ. ವ್ಯಾಪಾರ ಮಾತ್ರ ನಡೆದೇ ಇತ್ತು. ಕೋಸು ಬಿಕರಿಯಾಯಿತು, ಈರುಳ್ಳಿ ಬಿಕರಿಯಾಯಿತು. ಟೊಮೆಟೊ ವ್ಯಾಪಾರಿ ಕಹಳೆಯನ್ನು ಕಂಡು ಓಡಿಬಂದು ಎರಡೂ ಕೈ ಹಿಡಿದುಕೊಂಡ. ಏನೋ ತಮಾಷೆ ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ದಲ್ಲಾಳಿ ಒಳ್ಳೆಯ ಮನುಷ್ಯ. ಗೇಟಿನ ಹತ್ತಿರ ಕೂತು ಲಾರಿಗಳಿಗೆ ಚೀಟಿ ಹರಿದುಕೊಡುವ ಕೆಲಸ ಕೊಟ್ಟ. ಹಿಂದಿನ ಸಂಬಳದ ಅರ್ಧಕ್ಕಿಂತ ತುಸು ಹೆಚ್ಚು. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಕೆಲವು ತಿಂಗಳಲ್ಲಿ ಹೊಸ ಚಾಲಕರು ಅವನನ್ನು ಮೂಗ ಎನ್ನತೊಡಗಿದರು. ಹಳಬರು ಗದರಿದರೂ ಆ ಹೆಸರು ಹೋಗಲಿಲ್ಲ.

ಅವನು ಅವಳನ್ನು ಬೈದದ್ದಿಲ್ಲ. ಒಂದೇ ಒಂದು ಸಲ, ಅವಳು ಅವನ ಗಾಯಕ್ಕೆ ಎಣ್ಣೆ ಸವರುತ್ತಿದ್ದಾಗ, ಗೋಡೆ ನೋಡುತ್ತ ಹೇಳಿದ:

'ನೀನು ಹೇಳಿದೆ ಅಂತ ತಡೆದೆ.'

ಅವಳ ಕೈ ನಿಂತಿತು. 'ಜ್ವರ ಬಂದಿದ್ದನ್ನ ಯಾಕೆ ಮುಚ್ಚಿಟ್ರಿ?'

'ನಾಲ್ಕೇ ದಿನ ಇತ್ತಲ್ಲ' ಎಂದ ಅವನು. 'ನಿನ್ನ ಲೆಕ್ಕ ತಪ್ಪಾಗಬಾರದು ಅಂತ.'

ಆಮೇಲೆ ಆ ಮಾತು ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಅವಳು ಕ್ಲಿನಿಕ್ಕಿನ ಕೆಲಸ ಬಿಡಲಿಲ್ಲ. ಬಿಟ್ಟರೆ ಮೂವರ ಹೊಟ್ಟೆ ನಡೆಯುತ್ತಿರಲಿಲ್ಲ. ಯಾರಾದರೂ ವಿಮೆಯ ಬಗ್ಗೆ ಕೇಳಿದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದಷ್ಟೇ ಹೇಳಿ ನಿಲ್ಲಿಸುತ್ತಿದ್ದಳು. ಧೈರ್ಯದ ಮಾತು ಬಿಟ್ಟುಹೋಗಿತ್ತು. 'ನೀವಾಗಿದ್ರೆ ಮಾಡಿಸ್ತಿದ್ರಾ?' ಎಂದು ಒಬ್ಬ ಮುದುಕಿ ಒತ್ತಾಯಿಸಿದಾಗ, 'ನಂದು ಇದೆ ಅಜ್ಜಿ' ಎಂದಳು. ಅದು ನಿಜವಾಗಿತ್ತು. ವರ್ಷ ತುಂಬಿದಾಗ ಮುಂದಿನ ಕಂತು ಅವಳ ಸಂಬಳದಿಂದ ತಾನಾಗಿಯೇ ಕಡಿತವಾಗಿತ್ತು. ರದ್ದು ಮಾಡಿಸಬೇಕೆಂದು ಅವಳು ಎಷ್ಟೋ ಸಲ ಫೋನು ಎತ್ತಿಕೊಂಡಿದ್ದಳು. ಆದರೆ ಆಸ್ಪತ್ರೆಯ ಬಲವಾದ ಔಷಧಿ, ಸರಿಯಾಗಿ ಉಜ್ಜಲಾಗದ ಆ ಕಿರಿದಾದ ಬಾಯಿ, ಎಲ್ಲ ಸೇರಿ ಕಹಳೆಯ ಉಳಿದ ಹಲ್ಲುಗಳೂ ಒಂದೊಂದಾಗಿ ಕೆಡುತ್ತಿದ್ದವು, ಮತ್ತು ಈಗ ಕಾಯುವ ಅವಧಿ ಮುಗಿದಿತ್ತು. ಈಗ ಬಿಟ್ಟರೆ ನಿಜಕ್ಕೂ ಮೂರ್ಖತನ. ಲೆಕ್ಕ ಹಾಗೆಯೇ ಹೇಳುತ್ತಿತ್ತು. ಲೆಕ್ಕ ಹೇಳುವುದನ್ನು ನಂಬಲು ಮಾತ್ರ ಅವಳಿಗೆ ಭಯವಾಗುತ್ತಿತ್ತು. ಹೀಗೆ ಇಡಲೂ ಆಗದೆ ಬಿಡಲೂ ಆಗದೆ ಪಾಲಿಸಿ ಉಳಿದುಕೊಂಡಿತು.

ಒಂದು ದಿನ ಸಂಜೆಗೆ ಮುಂಚೆ ಮಗಳು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬಂದಳು. ಕೈಬೆರಳುಗಳಲ್ಲಿ ಇನ್ನೂ ಗಾಜಿನ ಬಿಳಿ ಪುಡಿ ಅಂಟಿತ್ತು. ಬೆಂಚಿನ ಮೇಲೆ ಕೂರಲಿಲ್ಲ. ಕೌಂಟರಿನ ಮುಂದೆ ಬಂದು ನಿಂತು, ಬೇರೆ ಯಾರನ್ನೋ ಮಾತಾಡಿಸುವಂತೆ, 'ಡಾಕ್ಟರನ್ನ ನೋಡಬೇಕು' ಎಂದಳು.

'ಏನಾಯ್ತೇ?'

'ಹಲ್ಲು ಜುಮ್ಮಂತಿದೆ. ನೀರು ಕುಡಿದಾಗ.'

ಒಳಗೆ ಹೋದವಳು ಬೇಗನೆ ಹೊರಬಂದಳು. ಹಿಂದೆಯೇ ಡಾಕ್ಟರಮ್ಮ ಬಂದರು. 'ನೀವಾದ್ರೂ ಹೇಳಿ ಇವಳಿಗೆ. ಸಾಸಿವೆ ಕಾಳಿನಷ್ಟು ಹುಳುಕು. ಒಂದು ಫಿಲ್ಲಿಂಗ್ ಸಾಕು, ಈಗಲೇ ಮಾಡಿ ಕಳಿಸ್ತೀನಿ. ಕಿತ್ತುಹಾಕಿ ಅಂತ ಕೂತಿದಾಳೆ. ಗಟ್ಟಿ ದವಡೆ ಹಲ್ಲು, ಇನ್ನೂ ನಲವತ್ತು ವರ್ಷ ಬರುತ್ತೆ.'

ಅವಳು ಕೌಂಟರು ದಾಟಿ ಬಂದು ಮಗಳ ತೋಳು ಹಿಡಿದಳು. 'ಹುಚ್ಚು ಹಿಡಿದಿದೆಯಾ? ಫಿಲ್ಲಿಂಗು ಮೊದಲ ದಿನದಿಂದಲೇ ಪಾಲಿಸೀಲಿ ಇದೆ. ಒಂದು ಕಾಸೂ ಕೊಡಬೇಕಾಗಿಲ್ಲ.'

'ಅದಕ್ಕೇ ಬೇಡ ಅಂತಿರೋದು' ಎಂದಳು ಮಗಳು.

'ಇದಕ್ಕೆ ಕಾಯೋ ಹಾಗಿಲ್ಲ ಕಣೇ. ಇವತ್ತೇ ಆಗುತ್ತೆ. ಈಗಲೇ.'

'ಅಪ್ಪನಿಗೂ ಎಲ್ಲ ಸರಿಯಾಗೇ ಹೇಳಿದ್ದೆ ನೀನು.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. 'ಫಿಲ್ಲಿಂಗ್ ಹಾಕಿಸ್ತೀನಿ, ಅದರ ಕೆಳಗೆ ಮತ್ತೆ ಕೊಳೆಯುತ್ತೆ, ಆಮೇಲೆ ಇನ್ನೊಂದು, ಅದಕ್ಕೊಂದು ನಿಯಮ. ನನಗೆ ಆ ಹಲ್ಲೇ ಬೇಡ. ಇಲ್ಲದ ಹಲ್ಲಿಗೆ ಕೀವು ಆಗಲ್ಲ.'

ಡಾಕ್ಟರಮ್ಮ ಕೈ ಕಟ್ಟಿ ನಿಂತರು. 'ಒಳ್ಳೆ ಹಲ್ಲನ್ನ ನಾನು ಕೀಳಲ್ಲಮ್ಮ. ಮನೆಗೆ ಹೋಗಿ ಯೋಚನೆ ಮಾಡಿ ನಾಳೆ ಬಾ.'

ಮಗಳು ತೋಳು ಬಿಡಿಸಿಕೊಂಡು ಮೆಟ್ಟಿಲು ಇಳಿದಳು. ಬೆಂಚಿನ ಮೇಲೆ ಕೂತವರೆಲ್ಲ ಕೌಂಟರಮ್ಮನನ್ನೇ ನೋಡುತ್ತಿದ್ದರು. ಹಿಂದೆ ಓಡಬೇಕೆಂದು ಅವಳ ಕಾಲು ಒಂದು ಹೆಜ್ಜೆ ಮುಂದಿಟ್ಟಿತು. ಅಷ್ಟರಲ್ಲಿ ಫೋನು ರಿಂಗಾಯಿತು. ಅಭ್ಯಾಸಬಲ, ಅವಳು ಹಿಂದಿರುಗಿ ಎತ್ತಿಕೊಂಡಳು.

ಸಂಜೆ ಮನೆಗೆ ಬಂದಾಗ ಮಗಳು ಆಗಲೇ ಬಂದಿದ್ದಳು. ಬಲಗೆನ್ನೆ ಉಬ್ಬಿತ್ತು, ತುಟಿಯ ಸಂದಿಯಲ್ಲಿ ಕೆಂಪಾದ ಹತ್ತಿಯ ತುದಿ ಕಾಣುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಕೇಳಿದವರಿಗೆ ಕೇಳಿದ ಹಲ್ಲು ಕೀಳುವವನೊಬ್ಬನಿದ್ದ. ಅವನ ಕೈ ಕೆಲಸ ಎಂಥದೆಂದು ಕ್ಲಿನಿಕ್ಕಿಗೆ ಬರುವವರ ಬಾಯಲ್ಲಿ ಅವಳು ಎಷ್ಟೋ ಸಲ ನೋಡಿದ್ದಳು. ಕಹಳೆ ಕುರ್ಚಿಯಲ್ಲಿ ಕೂತು ಮಗಳ ಕೆನ್ನೆಯನ್ನೇ ನೋಡುತ್ತಿದ್ದ. ಅವನ ತುಟಿಗಳು ಅಲುಗಿದವು. ಏನು ಹೇಳಿದನೋ, ಒಲೆಯ ಸದ್ದಿನಲ್ಲಿ ಕೇಳಿಸಲಿಲ್ಲ.

ಅವಳು ಇಬ್ಬರಿಗೂ ತೆಳ್ಳಗೆ ಗಂಜಿ ಮಾಡಿ ಆರಿಸಿ ಬಡಿಸಿದಳು. ಅವನು ಎರಡು ಬೆರಳಗಲದ ಬಾಯಿಗೆ ಸಣ್ಣ ಚಮಚವನ್ನು ಅಡ್ಡವಾಗಿ ತೂರಿಸಿ ಕುಡಿದ. ಮಗಳು ತಲೆಯನ್ನು ಎಡಕ್ಕೆ ವಾಲಿಸಿ, ಗಾಯಕ್ಕೆ ತಾಗದಂತೆ ಗುಟುಕರಿಸಿದಳು. ತಾಯಿಗೆ ಮಧ್ಯಾಹ್ನ ಉಳಿದ ಅನ್ನ, ಹುರಿದ ತರಕಾರಿ ಇತ್ತು. ತಟ್ಟೆ ಇಟ್ಟುಕೊಂಡು ಅವರ ಪಕ್ಕದಲ್ಲಿ ಕೂತಳು. ಹಸಿವಾಗಿತ್ತು. ಒಂದು ತುತ್ತು ಬಾಯಿಗಿಟ್ಟು ಅಗಿದಳು. ಅವಳ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು, ಒಂದೂ ಹೋಗಿರಲಿಲ್ಲ. ಆ ಸಣ್ಣ ಕೋಣೆಯಲ್ಲಿ ಅವಳು ಅಗಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಪ್ಪನೂ ಮಗಳೂ ತಲೆಯೆತ್ತಲಿಲ್ಲ. ಅವಳು ಬಾಯಲ್ಲಿದ್ದದ್ದನ್ನು ಹಾಗೆಯೇ ನುಂಗಿದಳು. ಆಮೇಲೆ ಎದ್ದು ಹೋಗಿ, ಪಾತ್ರೆಯ ತಳದಲ್ಲಿ ಉಳಿದಿದ್ದ ಗಂಜಿಯನ್ನು ತನ್ನ ಅನ್ನದ ಮೇಲೆ ಸುರಿದುಕೊಂಡು ಬಂದು ಕೂತಳು.